ಡಬ್ಬಿಯ ಕೆಮ್ಮು

ಬ್ಯಾಡಗಿಯಲ್ಲಿ ಡಬ್ಬಿ ಅಂದರೆ ಮೆಣಸಿನಕಾಯಿಯ ಒಂದು ಜಾತಿ,
ಗಿಡ್ಡ, ಸುಕ್ಕು, ಖಾರಕ್ಕಿಂತ ಬಣ್ಣ ಹೆಚ್ಚು.
ಅಂದಾನೆಪ್ಪನವರ ದಲಾಲಿ ಅಂಗಡಿಯಲ್ಲಿ ಮಾತ್ರ
ಡಬ್ಬಿ ಅಂದರೆ ಮೇಜಿನ ಕೆಳಗಿನ ಹದಿನಾರು ವರ್ಷದ ಕಂಪ್ಯೂಟರು;
ಹೋದ ಮಹಾನವಮಿಗೆ ಹಚ್ಚಿದ ಕುಂಕುಮ
ಇನ್ನೂ ಹಣೆಯ ಮೇಲಿದೆ.

'ಒಮ್ಮೆ ಓದತೈತಿ, ಒಮ್ಮೆ ಒಲ್ಲೆ ಅಂತೈತಿ.
ಮುಂಜಾನೆ ಇಲ್ಲದ ಖಾತೆ
ಚಾ ಕುಡದು ಬರೂದ್ರಾಗ ಅಲ್ಲೇ ಕುಂತಿರತೈತಿ,
ಎಲ್ಲಿಗೂ ಹೋಗಿದ್ದಿಲ್ಲ ಅನ್ನೂಹಂಗ.'

ಮುಚ್ಚಳ ತೆಗೆದೆ. ಮೂರು ಸಲ ಸೀನಿದೆ.
ಫ್ಯಾನಿನ ಎಸಳ ಮೇಲೆ ಕೆಂಪು ಧೂಳು,
ಬಳಿದಿಟ್ಟರೆ ಒಂದು ಹೊತ್ತಿನ ಸಾರಿಗಾಗುವಷ್ಟು.
ರ‍್ಯಾಮ್ ಕಿತ್ತು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿದೆ,
ರಾತ್ರಿಯಿಡೀ ಪರೀಕ್ಷೆಗೆ ಕೂಡಿಸಿದೆ. ಪಾಸು.
ಡಿಸ್ಕು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ,
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು
ಹಾವೇರಿಯ ನನ್ನ ಅಂಗಡಿಗೆ ಒಯ್ದೆ.
ಮೂರು ದಿನ ಓಡಿಸಿದೆ. ಮೊದಲ ಸೆಕ್ಟರಿನಿಂದ ಕೊನೆಯದರ ತನಕ
ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿತು,
ಡಾಕ್ಟರ ಮುಂದೆ ಕೂತೊಡನೆ ಜ್ವರ ಬಿಟ್ಟ ಹುಡುಗ.

ಬಿಲ್ಲು ಬರೆಯಲು ನಾಚಿಕೆಯಾಗಿ ಸುಮ್ಮನೆ ವಾಪಸು ಕೂಡಿಸಿದೆ.
ಸೋಮವಾರ ಹತ್ತೂವರೆಗೆ ಫೋನು:
'ಮತ್ತ ಒಲ್ಲೆ ಅಂತೈತ್ರಿ.'

ಕೇಬಲ್ಲು ಬದಲಿಸಿದೆ. ಎರಡು ದಿನ ಸುಮ್ಮನಿತ್ತು,
ಗುರುವಾರ ನೀಲಿ ಪರದೆ.
ಕರೆಂಟು ಅಳೆದೆ: ಹನ್ನೆರಡು ಇರಬೇಕಾದಲ್ಲಿ ಹನ್ನೊಂದೂ ಮುಕ್ಕಾಲು.
ತಪ್ಪು ಅನ್ನುವಂತಿಲ್ಲ, ಸರಿ ಅನ್ನಲು ಬಾಯಿ ಬಾರದು.
ಸ್ಟೂಲಿನ ಮೇಲೆ ಕೂತು ವೇಳೆ ಬರೆದುಕೊಂಡೆ:
ಹತ್ತು ಇಪ್ಪತ್ತು. ಹನ್ನೊಂದು ಐದು. ಹನ್ನೊಂದು ಏಳು.
ಆಮೇಲೆ ಊಟದ ತನಕ ಏನೂ ಇಲ್ಲ.
ತಪ್ಪಿಗೂ ಒಂದು ಲೆಕ್ಕ ಇದ್ದೇ ಇರುತ್ತದೆ,
ನನ್ನ ಕಸುಬಿಗೆ ಇರುವುದು ಇದೊಂದೇ ನಂಬಿಕೆ.

ಹೊಸ್ತಿಲಲ್ಲಿ ತುಂಬು ಮುರಿಯುತ್ತಿದ್ದ ಫಕ್ಕೀರವ್ವ
ತಲೆ ಎತ್ತಲಿಲ್ಲ.
'ಆ ಕಡೆ ಚೀಲ ಒಗದಾಗ ನಿಮ್ಮ ಡಬ್ಬಿ ಕೆಮ್ಮತೈತ್ರಿ.
ದಪ್ ಅಂದಮ್ಯಾಲೆ ಟಿಕ್.
ಈ ಸುಗ್ಗಿ ಪೂರಾ ಕೇಳಾಕತ್ತೇನಿ.'

ಉಸಿರು ಹಿಡಿದು ಕೇಳಿದೆ.
ದಪ್. ಟಿಕ್.
ದಪ್.
ದಪ್. ಟಿಕ್ ಟಿಕ್.
ಹಲಗೆಯ ಗೋಡೆ, ಅದರಾಚೆ ಹಮಾಲರು,
ಗೋಡೆಗೆ ಬೆನ್ನು ಕೊಟ್ಟ ಮೇಜು, ಮೇಜಿನ ಕಾಲಿಗೆ ತಾಗಿ ಡಬ್ಬಿ,
ಡಬ್ಬಿಯೊಳಗೆ ಬಾಯಿ ಸಡಲಿದ ಒಂದು ಪಿನ್ನು.
ಸೋಮವಾರ, ಗುರುವಾರ ಪೇಟೆಯ ದಿನ
ಅಂತ ಈ ತಾಲೂಕಿನ ಕೂಸಿಗೂ ಗೊತ್ತು.
ನಾನು ವೋಲ್ಟು ಎಣಿಸುತ್ತ ಕೂತಿದ್ದೆ.

ಪಕ್ಕಡಿನಿಂದ ಪಿನ್ನು ಬಿಗಿ ಮಾಡಿದೆ,
ಮೇಜನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದೆ,
ಡಬ್ಬಿಯ ಕೆಳಗೆ ಮಡಚಿದ ಗೋಣಿತಟ್ಟು.
ಮುನ್ನೂರೈವತ್ತು ಎಣಿಸಿ ಕೊಟ್ಟರು ಅಂದಾನೆಪ್ಪ.
ಫಕ್ಕೀರವ್ವನಿಗೂ ಒಂದು ಚಾ ಬಂತು;
ಉರಿಯುವ ಬೆರಳಿಗೆ ಕಪ್ಪು ತಾಗದ ಹಾಗೆ
ಸೆರಗಲ್ಲಿ ಹಿಡಿದು ಕುಡಿದಳು.
'ಆರಾಮಾತೇನು?' ಅವರು ಕೇಳಿದ್ದು ನನ್ನನ್ನು.
'ಖಾತೆ ನಕಲು ಮಾಡಿ ಇಡೂಣ್ರಿ,' ಅಂದೆ.

ಆ ನಕಲಿಗೆ ರವಿವಾರ ಬಂದೆ.
ಪೇಟೆ ಬಂದ್. ಗೋಡೆಯಾಚೆ ಪಾರಿವಾಳ ಸಹ ಇಲ್ಲ.
ಹಸಿರು ಪಟ್ಟಿ ಅರ್ಧ ದಾಟಿತು, ಮುಕ್ಕಾಲು ದಾಟಿತು,
ತೊಂಬತ್ತೊಂದಕ್ಕೆ ಬಂದು

ಟಿಕ್.

ಹೊಸ್ತಿಲ ಕಡೆ ತಿರುಗಿ ನೋಡಿದೆ.
ಗುಡಿಸದೆ ಉಳಿದ ನಾಲ್ಕು ತುಂಬು.